ಕಾಟಾ ನಿಜಗುಣಪ್ಪನವರ ಬಾಗಿಲು

ಶನಿವಾರ ಬೆಳಿಗ್ಗೆ ಹತ್ತೂವರೆ. ಬೈಲಹೊಂಗಲದ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ನಿಜಗುಣಪ್ಪ ತುರಮರಿ ಮೊಣಕಾಲೂರಿ ಕುಳಿತಿದ್ದರು. ಎದುರಿಗೆ ಮುನ್ನೂರು ಕಿಲೋ ತೂಗುವ ಇಲೆಕ್ಟ್ರಾನಿಕ್ ಕಾಟಾ. ಅದರ ಒಂದು ಕಾಲನ್ನು ಬೆರಳಿನಿಂದ ತುಸುವೇ ತಿರುಗಿಸಿ, ಮೂಲೆಯ ಗಾಜಿನೊಳಗಿನ ಗುಳ್ಳೆ ನಡುಗೆರೆಗೆ ಬರುವುದನ್ನು ಕಾದರು. ಗುಳ್ಳೆ ಬಂತು. ಅವರು ಏಳಲಿಲ್ಲ. ಕಾಟಾದ ಮೇಲೆ ಏನೂ ಇಡದೆ, ಅದರ ಕೆಂಪು ಅಂಕಿಗಳನ್ನೇ ನೋಡುತ್ತ ಕುಳಿತರು.

"ಕಲ್ಲ ಇಡ್ರಲಾ ಕಾಟಾ ಸಾಹೇಬರ," ಎಂದ ಹಮಾಲ. "ಸೋಯಾ ಲೋಡ್ ನಿಂತೈತಿ."

"ತಡಿಯೋ. ಖಾಲಿ ಇದ್ದಾಗ ಸೊನ್ನಿ ತೋರಸ್ತೈತೋ ಇಲ್ಲೋ ಮೊದಲ ನೋಡಬೇಕು. ಏನೂ ಇಲ್ಲದಾಗನ ಏನರ ತೋರಿಸೋ ಕಾಟಾಕ್ಕ ಕಲ್ಲ ಇಟ್ಟು ಏನ್ ತಿಳಕೋತಿ?"

"ನಮ್ಮ ಸಾಹುಕಾರ್ರ ತೆಲಿನೂ ಹಂಗ ಒಮ್ಮೆ ನೋಡ್ರಿ."

ಸುತ್ತ ನಾಲ್ಕು ಜನ ನಕ್ಕರು. ನಿಜಗುಣಪ್ಪ ನಗಲಿಲ್ಲ. ಅಂಕಿ ಸೊನ್ನೆಯಲ್ಲೇ ನಿಂತಿತ್ತು. ಹಿತ್ತಾಳೆ ಹಿಡಿಯ ಇಪ್ಪತ್ತು ಕಿಲೋ ಕಲ್ಲನ್ನು ಎತ್ತುವಷ್ಟರಲ್ಲಿ ಕಿಸೆಯಲ್ಲಿ ಫೋನ್ ರಿಂಗಾಯಿತು.

"ಕಾಕಾ, ಸವದತ್ತಿಯಿಂದ ಶೈಲಜಾ ಮಾತಾಡಾಕತ್ತೇನಿ. ಸಂಜಿಗೆ ಇವರ ಕೂಡ ಮಾವಾರ್ನೂ ಕರಕೊಂಡ ಬರತೇವಿ. ಒಳಗ ಬಿಡ್ತೀರಲ್ಲ?"

ನಿಜಗುಣಪ್ಪ ಕಲ್ಲನ್ನು ಮತ್ತೆ ನೆಲಕ್ಕಿಟ್ಟರು.

"ಮಾಸ್ತರ್ರ ಸರ್ಟಿಫಿಕೇಟ್ ಐತೇನವಾ?"

"ಐತ್ರಿ. ಸೊಲ್ಲಾಪುರದ್ದು. ಈ ವರ್ಷದ ಕಾರ್ಡೂ ಐತಿ."

"ಈಗ ಮಾತಾಡ್ತಾರೇನು?"

"ಆತು, ಆತು ಅಂತಾರ್ರಿ. ಅದೊಂದ. ಆದ್ರ ಎಲ್ಲಾ ತಿಳೀತೈತಿ ಅವರಿಗೆ. ತಾರೀಖ ಕೇಳಿದಾಗಿಂದ ಟ್ರಂಕಿನ್ಯಾಗಿನ ಚರ್ಮದ ಚೀಲ ತಗಸಿ ತೊಡಿ ಮ್ಯಾಲ ಇಟಗೊಂಡ ಕುಂತಾರ. ಎಂಟ ದಿನ ಆತು. ಮಲಗೂವಾಗ ಅಷ್ಟ ಕೆಳಗ ಇಡ್ತಾರ."

"ಕರಕೊಂಡ ಬಾ," ಎಂದರು ನಿಜಗುಣಪ್ಪ. ಒಳಗೆ ಬಿಡುತ್ತೇನೆ ಎಂದು ಹೇಳಲಿಲ್ಲ.

ನಿಜಗುಣಪ್ಪನವರಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ಸಂಗೊಳ್ಳಿಯಲ್ಲಿ, ಮೂವತ್ತು ವರ್ಷದಿಂದ ಮನೆ ಬೈಲಹೊಂಗಲದಲ್ಲಿ. ತೂಕದ ಯಂತ್ರಗಳ ರಿಪೇರಿ ಅವರ ಕಸುಬು. ಅದಕ್ಕೆ ಸರಕಾರದ ಲೈಸನ್ಸ್ ಇದೆ. ಕಿತ್ತೂರಿನ ವೇಬ್ರಿಜ್‌ನಿಂದ ಹಿಡಿದು ರಾಮದುರ್ಗದ ಬಂಗಾರದಂಗಡಿಯ ಚಿಕ್ಕ ತಕ್ಕಡಿಯವರೆಗೆ ಎಲ್ಲವೂ ಅವರ ಕೈಯಲ್ಲಿ ಹಾದುಹೋಗುತ್ತವೆ. ಯಾರ್ಡಿನಲ್ಲಿ ಅವರ ಮನೆತನದ ಹೆಸರು ಯಾರಿಗೂ ನೆನಪಿಲ್ಲ. ಕಾಟಾ ನಿಜಗುಣಪ್ಪ ಎಂದರೆ ಮನೆ ತೋರಿಸುತ್ತಾರೆ.

ಇದೇ ಊರಿನಲ್ಲಿ ಅವರಿಗೆ ಇನ್ನೊಂದು ಕೆಲಸವೂ ಇದೆ. ಅದಕ್ಕೆ ಸಂಬಳವಿಲ್ಲ. ಬಜಾರದ ಹಿಂದಿನ ಗಲ್ಲಿಯಲ್ಲಿ, ಹಳೆಯ ಹತ್ತಿ ಗೋದಾಮಿನ ಮಾಳಿಗೆಯ ಮೇಲೆ, ಕಲ್ಲುಕುಟಿಗರ ಹೆಸರಿನ ಹಳೆಯ ಸೋದರ ಸಂಘವಾದ ಫ್ರೀಮೇಸನ್ನರ ಲಾಡ್ಜ್ ತಿಂಗಳಿಗೊಮ್ಮೆ ಸೇರುತ್ತದೆ. ಸದಸ್ಯರು ಮೂವತ್ತೊಂದು ಜನ. ವ್ಯಾಪಾರಿಗಳು, ಇಬ್ಬರು ಡಾಕ್ಟರು, ಒಬ್ಬ ವಕೀಲ, ಕಾಲೇಜಿನ ಮೇಷ್ಟರು, ಸವದತ್ತಿ ರಾಮದುರ್ಗಗಳಿಂದ ಬರುವ ಏಳೆಂಟು ಮಂದಿ. ಕೆಳಗಿನ ಚಹಾದಂಗಡಿಯವನಿಗೆ ಮೊದಲ ವರ್ಷವೆಲ್ಲ ದಾರಿಹೋಕರು ರೂಮಿನ ಬಾಡಿಗೆ ಕೇಳಿ ಸಾಕುಮಾಡಿದ್ದರು. ಲಾಡ್ಜಿನ ಬಾಗಿಲ ಹೊರಗೆ ಕತ್ತಿ ಹಿಡಿದು ನಿಲ್ಲುವವರು ನಿಜಗುಣಪ್ಪ. ಆ ಹುದ್ದೆಯನ್ನು ಟೈಲರ್ ಎನ್ನುತ್ತಾರೆ. ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲ. ಸಭೆ ನಡೆಯುವಷ್ಟು ಹೊತ್ತೂ ಅವರು ಹೊರಗೇ ಇರುತ್ತಾರೆ. ಒಳಗೆ ಹೋಗುವ ಪ್ರತಿಯೊಬ್ಬ ಅಪರಿಚಿತನೂ ಮೊದಲು ಅವರಿಗೆ ತನ್ನನ್ನು ಸಾಬೀತುಪಡಿಸಬೇಕು.

ಅವರು ಇಲ್ಲಿಗೆ ಬಂದದ್ದು ಒಂದು ಕಾಟಾದಿಂದಲೇ. ಹದಿಮೂರು ವರ್ಷದ ಹಿಂದೆ ಒಬ್ಬ ದಲಾಲಿ ತನ್ನ ಕಾಟಾವನ್ನು ಕ್ವಿಂಟಲಿಗೆ ನಾನೂರು ಗ್ರಾಂ ತಪ್ಪಿಸಿ ಕೂರಿಸಲು ಹೇಳಿದ. ನಿಜಗುಣಪ್ಪ ಸಾಮಾನು ಚೀಲಕ್ಕೆ ಹಾಕಿಕೊಂಡು ಎದ್ದುಬಂದರು. ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದನ್ನು ನೋಡಿದವರು ಕಾಳಿನ ವ್ಯಾಪಾರಿ ಮಹಾದೇವ ಕಲ್ಲೂರ. ಮಹಾದೇವರು ಆಗ ಬೆಳಗಾವಿಯ ಲಾಡ್ಜೊಂದರ ಸದಸ್ಯರು. ಆರು ತಿಂಗಳ ಮೇಲೆ ನಿಜಗುಣಪ್ಪನವರನ್ನು ಕರೆದು, ದೇವರನ್ನು ನಂಬುತ್ತೀರಾ ಎಂದು ಕೇಳಿದರು. ಯಾವ ದೇವರು ಎಂದು ಕೇಳಲಿಲ್ಲ. ಆಮೇಲೂ ಯಾರೂ ಕೇಳಿಲ್ಲ. ಲಾಡ್ಜಿನೊಳಗೆ ಸದಸ್ಯರ ಧರ್ಮಗಳ ಗ್ರಂಥಗಳೆಲ್ಲ ಒಂದೇ ಮೇಜಿನ ಮೇಲೆ ಇರುತ್ತವೆ. ಧರ್ಮದ ವಾದಕ್ಕೂ ರಾಜಕೀಯದ ಮಾತಿಗೂ ಅಲ್ಲಿ ಅವಕಾಶವಿಲ್ಲ. ಕಲ್ಲುಕುಟಿಗರ ರಸಮಟ್ಟವೇ ಅವರ ಒಂದು ಗುರುತು. ಒಳಗೆ ಬಂದವರೆಲ್ಲ ಒಂದೇ ಮಟ್ಟದಲ್ಲಿ ಕೂರುತ್ತಾರೆ ಎಂಬುದು ಅದರ ಅರ್ಥ. ಯಾರ್ಡಿನಲ್ಲಿ ನಿಜಗುಣಪ್ಪ "ಸಾಹುಕಾರ್ರ" ಎಂದು ಕರೆಯುವ ಮಹಾದೇವರು ಮಾಳಿಗೆಯ ಮೇಲೆ ಅವರನ್ನು "ಬ್ರದರ್" ಎನ್ನುತ್ತಾರೆ. ಆರು ವರ್ಷದ ಹಿಂದೆ ಬೈಲಹೊಂಗಲದಲ್ಲೇ ಲಾಡ್ಜ್ ಶುರುವಾದಾಗ ಮಹಾದೇವರು ಕಾರ್ಯದರ್ಶಿಯಾದರು, ನಿಜಗುಣಪ್ಪ ಬಾಗಿಲಿಗೆ ನಿಂತರು.

ಜಗತ್ತಿನ ಯಾವ ಮೇಸನ್ನನೂ ತನ್ನ ಲಾಡ್ಜ್ ಬಿಟ್ಟು ಇನ್ನೊಂದಕ್ಕೆ ಅತಿಥಿಯಾಗಿ ಹೋಗಬಹುದು. ಇದು ಹಳೆಯ ಪದ್ಧತಿ. ಆದರೆ ಹೋದವನು ತಾನು ಯಾರೆಂಬುದನ್ನು ತೋರಿಸಬೇಕು. ಸರ್ಟಿಫಿಕೇಟು ಮತ್ತು ಆ ವರ್ಷದ ಕಾರ್ಡು ಇರಬೇಕು, ಸಹಿ ಹೊಂದಬೇಕು. ಆಮೇಲೆ ಪರೀಕ್ಷೆ: ಹೆಜ್ಜೆ, ಸನ್ನೆ, ಬಾಯಿಂದ ಹೇಳುವ ಗುಟ್ಟಿನ ಪದ. ಅದಕ್ಕೆ ಬದಲಾಗಿ ಒಳಗಿನ ಯಾರಾದರೂ ಸದಸ್ಯರು ಖಾತ್ರಿ ಕೊಡಬಹುದು. ಆ ಖಾತ್ರಿಗೂ ಒಂದು ಕಟ್ಟಳೆ ಇದೆ. ನೆರೆಯವನೆಂದೋ ಬೀಗನೆಂದೋ ಗೆಳೆಯನೆಂದೋ ಬಲ್ಲೆ ಎಂದರೆ ಸಾಲದು. ತೆರೆದ ಲಾಡ್ಜಿನಲ್ಲಿ ಅವರ ಜೊತೆ ತಾನು ಕುಳಿತಿದ್ದೆ ಎಂದು ಹೇಳಬೇಕು.

ಹೋದ ವರ್ಷ ನಿಜಗುಣಪ್ಪ ತಪ್ಪಿದ್ದು ಇಲ್ಲಿಯೇ. ರಾಮದುರ್ಗದ ಸದಸ್ಯರೊಬ್ಬರು ಅತಿಥಿಯೊಬ್ಬರನ್ನು ಕರೆತಂದು "ನಮ್ಮವರ" ಎಂದರು. ಮಳೆ ಜೋರಾಗಿತ್ತು, ಮೆಟ್ಟಿಲ ಮೇಲೆ ಹತ್ತು ಜನ ನೆನೆಯುತ್ತ ನಿಂತಿದ್ದರು. ಒಟ್ಟಿಗೆ ಕುಳಿತಿದ್ದಿರೇನು ಎಂಬ ಒಂದು ಪ್ರಶ್ನೆಯನ್ನು ನಿಜಗುಣಪ್ಪ ಕೇಳಲಿಲ್ಲ. ಆ ಮನುಷ್ಯ ಸೇರಿದ್ದು ಯಾರೂ ಮಾನ್ಯ ಮಾಡದ ಒಂದು ಗುಂಪಿಗೆ ಎಂದು ತಿಂಗಳ ಮೇಲೆ ಗೊತ್ತಾಯಿತು. ಪ್ರಾದೇಶಿಕ ಕಚೇರಿಯಿಂದ ಪತ್ರ ಬಂತು. ಇನ್ನೊಮ್ಮೆ ಹೀಗಾದರೆ ಬಾಗಿಲಿಗೆ ಬೇರೆಯವರನ್ನು ನೇಮಿಸಬೇಕು ಎಂದು ಅದರಲ್ಲಿತ್ತು. ಸಭೆಯಲ್ಲಿ ಆ ಪತ್ರವನ್ನು ಗಟ್ಟಿಯಾಗಿ ಓದಿದವರು ಮಹಾದೇವರು. ಕೇಳಿಸಿಕೊಳ್ಳಲು ಆ ದಿನ ನಿಜಗುಣಪ್ಪನವರನ್ನು ಒಳಗೆ ಕರೆಸಿದ್ದರು.

ಈಗ ಬರುತ್ತಿರುವವರು ಮುದಕಪ್ಪ ಮಾಸ್ತರ್ರು. ಎಪ್ಪತ್ತೊಂಬತ್ತು ವರ್ಷ. ಹುಟ್ಟೂರು ತೊರಗಲ್, ಈಗ ಸವದತ್ತಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಸಂಗೊಳ್ಳಿಯ ಸಾಲಿಯಲ್ಲಿ ನಿಜಗುಣಪ್ಪನಿಗೆ ಲೆಕ್ಕ ಕಲಿಸಿದವರು ಅವರೇ. ಆಮೇಲೆ ಸೊಲ್ಲಾಪುರದ ಒಂದು ಕನ್ನಡ ಶಾಲೆಗೆ ಹೋಗಿ, ಅಲ್ಲಿ ಮೇಸನ್ನರಾಗಿ, ನಿವೃತ್ತರಾಗಿ ಬಂದರು. ನಿವೃತ್ತಿಯ ನಂತರ ಹೆಂಡತಿಯ ಕಾಯಿಲೆಯಿಂದ ಮನೆ ಬಿಟ್ಟು ಹೊರಬೀಳಲಿಲ್ಲ. ಮೂರು ವರ್ಷದ ಹಿಂದೆ ಅವರಿಗೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಸವದತ್ತಿಯಲ್ಲಿ ನೀರಾವರಿ ಪೈಪಿನ ಅಂಗಡಿ ಇಟ್ಟಿರುವ ಅವರ ಮಗ, ಶೈಲಜಾಳ ಗಂಡ ಬಸವಲಿಂಗ ಇದೇ ಶನಿವಾರ ಸಂಜೆ ಬೈಲಹೊಂಗಲದ ಲಾಡ್ಜಿಗೆ ಹೊಸ ಸದಸ್ಯನಾಗಿ ಸೇರುವವನಿದ್ದ. ಮಗನ ದೀಕ್ಷೆಯ ಹೊತ್ತಿಗೆ ತಂದೆ ಒಳಗೆ ಕುಳಿತಿರಬೇಕು. ಮುದಕಪ್ಪನವರಿಗೆ ಬೇಕಾಗಿದ್ದದ್ದು ಅಷ್ಟೇ. ಮಗನ ದೀಕ್ಷೆ ಒಂದೇ ಸಲ.

ನಿಜಗುಣಪ್ಪ ಮಧ್ಯಾಹ್ನ ಮನೆಗೆ ಬಂದು ಸೊಲ್ಲಾಪುರಕ್ಕೆ ಫೋನ್ ಮಾಡಿದರು. ಅಲ್ಲಿನ ಕಾರ್ಯದರ್ಶಿ ದಾಖಲೆ ನೋಡಿ, ಹೌದು, ನಮ್ಮ ಸದಸ್ಯರೇ, ಮೂವತ್ತೆಂಟು ವರ್ಷದಿಂದ, ಎಂದರು. ಅವರ ಜೊತೆ ಕುಳಿತವರು ಯಾರಾದರೂ ಸಂಜೆ ಆರರೊಳಗೆ ಇಲ್ಲಿಗೆ ಬರಬಲ್ಲರೇ ಎಂದು ನಿಜಗುಣಪ್ಪ ಕೇಳಿದರು. ಇಬ್ಬರು ಉಳಿದಿದ್ದರು. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಹಾಸಿಗೆಯಲ್ಲಿ. ಫೋನಿನ ಮೇಲೆ ಖಾತ್ರಿ ನಡೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸೊಲ್ಲಾಪುರದವರು ಕ್ಷಮೆ ಕೇಳಿ ಇಟ್ಟರು.

ಹೆಂಡತಿ ದೇವಕ್ಕ ಬಿಳಿ ಕೈಗವಸುಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಮಾರಿ ಯಾಕ ಹಂಗ ಮಾಡಿರಿ? ಊಟಾನೂ ಸೇರಲಿಲ್ಲ."

"ಮುದಕಪ್ಪ ಮಾಸ್ತರ್ರು ಬರಾಕತ್ತಾರ."

"ಬರ್ಲಿ. ಕೈ ಹಿಡದ ಒಳಗ ಕರಕೊಂಡ ಹೋಗ್ರಿ."

"ಹಂಗ ಬರೂದಿಲ್ಲ."

"ಹದಿಮೂರ ವರ್ಷ ಆತು, ಏನ್ ಬರ್ತೈತಿ ಏನ್ ಬರೂದಿಲ್ಲ ಅಂತ ನನಗೊಂದ ದಿನ ಹೇಳಿಲ್ಲ. ಒಳಗ ಏನ್ ಮಾಡ್ತೀರಿ ಅಂತ ಕೇಳಿದ್ರ ನಾ ಹೊರಗ ನಿಂದರತೇನಿ ಅಂತೀರಿ. ಇಂಥಾ ಜಾಣ ಉತ್ತರ ಮಾಸ್ತರ್ರ ಕಲಸಿದ್ರೇನು?" ಅವಳು ಗವಸುಗಳನ್ನು ಮಡಚಿ ಅವರ ಕೈಗಿಟ್ಟಳು. "ಅವರ ಕಡೆ ಹೊಡತ ತಿಂದೀನಿ ಅಂತಿದ್ರಿ. ಹೊಡದವರ ಗುರುತ ಸಿಗೂದಿಲ್ಲೇನು?"

ಸಂಜೆ ಐದೂಕಾಲಿಗೆ ನಿಜಗುಣಪ್ಪ ಮಾಳಿಗೆಯ ಮೇಲಿದ್ದರು. ಹತ್ತೊಂಬತ್ತು ಮೆಟ್ಟಿಲು, ಮೇಲೆ ಒಂದು ಚಿಕ್ಕ ಪಡಸಾಲೆ, ಎಡಕ್ಕೆ ಪಕ್ಕದ ಕೋಣೆ, ಎದುರಿಗೆ ಸಾಗವಾನಿ ಬಾಗಿಲು. ಪಡಸಾಲೆಯ ಮೇಜಿನ ಮೇಲೆ ಅತಿಥಿಗಳ ಪುಸ್ತಕ. ಆ ದಿನ ಧಾರವಾಡದಿಂದ ಇಬ್ಬರು, ಬೆಳಗಾವಿಯಿಂದ ನಾಲ್ವರು ಅತಿಥಿಗಳು ಬಂದರು. ಆರು ಜನರನ್ನೂ ನಿಜಗುಣಪ್ಪ ಒಬ್ಬೊಬ್ಬರಾಗಿ ಕೋಣೆಗೆ ಕರೆದೊಯ್ದು ನೋಡಿ ಬಿಟ್ಟರು. ಏಳನೆಯವರು ಪ್ರಾದೇಶಿಕ ಕಚೇರಿಯ ಹಿರಿಯ ಅಧಿಕಾರಿ. ಹೋದ ವರ್ಷದ ಪತ್ರದ ಕೆಳಗೆ ಇದ್ದದ್ದು ಅವರದೇ ಸಹಿ. ಅವರು ತಾವಾಗಿಯೇ ಕಾರ್ಡು ತೆಗೆದು ಮುಂದೆ ಹಿಡಿದರು, ನಿಜಗುಣಪ್ಪ ನೋಡಿ ಮರಳಿಸಿದ ಮೇಲೆ ಒಳಗೆ ಹೋದರು.

ತಂದೆಯನ್ನು ಶೈಲಜಾಳಿಗೆ ಬಿಟ್ಟು ಬಸವಲಿಂಗ ಮೊದಲೇ ಮೇಲೆ ಬಂದಿದ್ದ. ಅವನನ್ನು ಪಡಸಾಲೆಯ ಬಲಕ್ಕಿದ್ದ ಚಿಕ್ಕ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆಮಾಡಿದ್ದರು. ಆರಕ್ಕೆ ಸಭೆ ತೆರೆಯುತ್ತದೆ. ಆರೂವರೆಗೆ ಹೊಸಬನನ್ನು ಬಾಗಿಲಿಗೆ ತರುತ್ತಾರೆ. ಅದಾದ ಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ.

ಐದೂ ಐವತ್ತಕ್ಕೆ ಕೆಳಗಿನಿಂದ ದನಿ ಕೇಳಿಸಿತು. ಮೊದಲು ಹೆಣ್ಣುದನಿ.

"ಹದಿನೇಳೊಂದ್ಲೆ?"

"ಹದಿನೇಳು." ಒಂದು ಹೆಜ್ಜೆ, ಕೋಲಿನ ಸದ್ದು.

"ಹದಿನೇಳೆರಡ್ಲೆ?"

"ಮೂವತ್ನಾಕು." ಇನ್ನೊಂದು ಹೆಜ್ಜೆ.

ನಲವತ್ತೇಳು ವರ್ಷದ ಹಿಂದೆ ಕೇಳಿದ ದನಿ. ಸವೆದಿತ್ತು, ಬೇರೆಯಾಗಿರಲಿಲ್ಲ. ಸಂಗೊಳ್ಳಿಯ ಸಾಲಿಯಲ್ಲಿ ಮಾಸ್ತರ್ರು ಅರ್ಧ ಹೇಳುತ್ತಿದ್ದರು, ಹುಡುಗರು ಅರ್ಧ ಹೇಳಬೇಕಿತ್ತು. ಈಗ ಅರ್ಧ ಹೇಳುತ್ತಿರುವವಳು ಶೈಲಜಾ. ಒಂದು ಸಲ ಹತ್ತರವರೆಗೆ ಹೋಗಿ, ಮತ್ತೆ ಒಂದರಿಂದ ಶುರುಮಾಡಿ, ಹನ್ನೊಂದು ನಿಮಿಷದಲ್ಲಿ ಇಬ್ಬರೂ ಮೇಲೆ ಬಂದರು. ಅಷ್ಟರಲ್ಲಿ ಬಾಗಿಲು ಮುಚ್ಚಿ ಸಭೆ ತೆರೆದಿತ್ತು.

"ನಮಸ್ಕಾರ್ರಿ ಸರ್. ನಾ ನಿಜಗುಣ. ಸಂಗೊಳ್ಳಿ."

"ಆತು," ಎಂದರು ಮುದಕಪ್ಪ. "ಆತು, ಆತು." ಕಣ್ಣು ನಗುತ್ತಿದ್ದವು. ಚರ್ಮದ ಚೀಲ ಎಡಗಂಕುಳಲ್ಲಿತ್ತು.

ಶೈಲಜಾ ಸೆರಗಿನಿಂದ ಮಾವನ ಹಣೆ ಒರೆಸಿದಳು. "ಮಗ್ಗಿ ಅಂದ್ರ ಬರ್ತಾವ್ರಿ ಕಾಕಾ. ನಾವು ಶುರು ಮಾಡಿ ಕೊಟ್ರ ಮುಂದಿಂದ ಅವರು ಹೇಳ್ತಾರ. ತಾವಾಗಿ ಏನೂ ಬರೂದಿಲ್ಲ. ಊಟಾ ಮಾಡ್ಸಾಕೂ ಮಗ್ಗೀನ, ಮೆಟ್ಟಲಾ ಹತ್ತಾಕೂ ಮಗ್ಗೀನ. ನಂಗಂತೂ ಇಪ್ಪತ್ತರ ತನಕ ಬಾಯಿಪಾಠ ಆಗ್ಯಾವ ನೋಡ್ರಿ."

ನಿಜಗುಣಪ್ಪ ಕಾಗದ ತೆಗೆದುಕೊಂಡರು. ಕಾರ್ಡು ಸರಿಯಿತ್ತು. ಸರ್ಟಿಫಿಕೇಟಿನ ಮೇಲೆ ಮೂವತ್ತೆಂಟು ವರ್ಷದ ಹಿಂದಿನ ಸಹಿ, ಓರೆಯಾದ, ಚೂಪಾದ ಅಕ್ಷರ. ಪುಸ್ತಕದಲ್ಲಿ ಸಹಿ ಮಾಡಲು ಹೇಳಿದರು. ಮುದಕಪ್ಪ ಎಡಗೈಯಲ್ಲಿ ಪೆನ್ನು ಹಿಡಿದು ಎಳೆದ ಗೆರೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಿ ನಿಂತಿತು. ಅದು ಯಾವುದಕ್ಕೂ ಹೊಂದುವಂತಿರಲಿಲ್ಲ.

"ಸಹಿ ಕೂಡಲಿಲ್ಲ ನೋಡವಾ."

"ಹೆಂಗ ಕೂಡ್ತೈತ್ರಿ, ಬಲಗೈ ಹೋಗೇತಲ್ಲ!" ಶೈಲಜಾ ದನಿ ಏರಿಸಿದಳು. "ಕಾಕಾ, ನಿಮ್ಮ ಮಾಸ್ತರ್ರಲ್ಲೇನು ಇವರು? ಗುರುತ ಸಿಗವಲ್ದೇನು?"

"ಗುರುತ ಐತಿ. ಒಳಗ ಕುಂತಿದ್ದು ನಾ ನೋಡಿಲ್ಲ."

"ಅದೆಂಥಾ ಮಾತ್ರಿ? ನಮ್ಮನಿಗೆ ಬರಾಕೂ ಇನ್ಮ್ಯಾಲ ಕಾರ್ಡ್ ತೊಗೊಂಡ ಬರ್ರಿ ನೀವು."

ಆಗ ಮುದಕಪ್ಪ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ತಡೆ ಎಲ್ಲಿದೆ ಎಂದು ಅವರಿಗೆ ಅರ್ಥವಾಗಿತ್ತು. ಎಡಗೈಯ ಪೆನ್ನನ್ನು ಮತ್ತೆ ಪುಸ್ತಕದ ಖಾಲಿ ಜಾಗಕ್ಕೆ ತಂದು, ಹಲ್ಲು ಕಚ್ಚಿ, ಬರೆಯಲು ಶುರುಮಾಡಿದರು. ನಿಜಗುಣಪ್ಪ ಅಂಗೈಯನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಇಟ್ಟುಬಿಟ್ಟರು. ಪೆನ್ನು ಅವರ ಬಿಳಿ ಗವಸಿನ ಮೇಲೆ ಒಂದು ನೀಲಿ ಗೀಟು ಎಳೆದು ನಿಂತಿತು.

"ಬರೀಬ್ಯಾಡ್ರಿ ಸರ್."

ಪರೀಕ್ಷೆಯ ಪದವನ್ನು ಎಲ್ಲಿಯೂ ಬರೆಯಕೂಡದು, ಕೆತ್ತಕೂಡದು, ಮರಳಿನ ಮೇಲೂ ಗೀರಕೂಡದು. ಅದು ಪ್ರತಿಯೊಬ್ಬ ಮೇಸನ್ನನೂ ಮೊದಲ ದಿನ ಮಾಡುವ ಪ್ರತಿಜ್ಞೆ. ಮುದಕಪ್ಪ ತಮ್ಮ ಕೈಯನ್ನೇ ನೋಡಿದರು. ಮುಖದ ಎಡಭಾಗ ಕೆಂಪಾಯಿತು. ಪೆನ್ನು ಕೆಳಗೆ ಬಿತ್ತು.

ಶೈಲಜಾಳನ್ನು ಕೆಳಗೆ ಕಳಿಸಬೇಕಾಯಿತು. ಅವಳು ಮೂರನೆಯ ಮೆಟ್ಟಿಲಲ್ಲಿ ತಿರುಗಿ ನಿಂತು, "ನೀರ ಕುಡಸ್ರಿ ಅವರಿಗೆ," ಎಂದಳು. ನಿಜಗುಣಪ್ಪ ಬಾಗಿಲು ತಟ್ಟಿ, ಪರೀಕ್ಷೆಗೆ ಇನ್ನೊಬ್ಬರು ಬೇಕೆಂದು ಹೇಳಿಕಳಿಸಿದರು. ಒಳಗಿನಿಂದ ಮಹಾದೇವರು ಬಂದರು. ಆರೂ ಹನ್ನೆರಡು ಆಗಿತ್ತು.

ಪಕ್ಕದ ಕೋಣೆಯಲ್ಲಿ ಮೂವರೂ ಕುಳಿತರು. ಮಹಾದೇವರು ಪುಸ್ತಕ ನೋಡಿದರು, ಗೀಟು ನೋಡಿದರು, ಗವಸು ನೋಡಿದರು.

"ಬರಿಯಾಕ ಹೋಗಿದ್ರೇನು?"

"ಹೂಂ."

"ಬ್ರದರ್ ನಿಜಗುಣಪ್ಪ, ತಿಳದವ ಬರಿಯಾಕ ಹೋಗ್ತಾನೇನು?"

"ಬಾಯಿ ಇದ್ದವ ಹೋಗೂದಿಲ್ಲ."

ಒಂದೊಂದಾಗಿ ನೋಡಿದರು. ಹೆಜ್ಜೆಗೆ ಬಲಗಾಲು ಎಳೆಯುತ್ತಿತ್ತು, ಆದರೆ ಜಾಗ ಸರಿಯಿತ್ತು. ಬಲಗೈಯಿಂದ ಮಾಡಬೇಕಾದ ಸನ್ನೆಗೆ ಕೈ ಏಳಲಿಲ್ಲ. ನಿಜಗುಣಪ್ಪ ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ತಣ್ಣಗಿತ್ತು, ಭಾರವಿತ್ತು. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳು ತುಸು ಸರಿಯಿತು. ಸರಿದು ಎಲ್ಲಿ ನಿಂತಿತು ಎಂಬುದನ್ನು ನಿಜಗುಣಪ್ಪ ಯಾರಿಗೂ ಹೇಳುವುದಿಲ್ಲ.

"ಲಕ್ವಾದಾಗ ಬೆರಳ ತಾವ ಅಲಗ್ತಾವ," ಎಂದರು ಮಹಾದೇವರು. "ನಮ್ಮಪ್ಪಗ ನೋಡೇನಿ. ಪದ ಬೇಕು."

"ಸರ್, ಪದ ಹೇಳ್ರಿ."

"ಆತು."

"ಪದಾ ರೀ, ಸರ್."

"ಆತು. ಆತು." ಕಣ್ಣಂಚಿನಲ್ಲಿ ನೀರಾಡಿತು. ಅವರು ಚರ್ಮದ ಚೀಲವನ್ನು ಎದೆಗೆ ಒತ್ತಿಕೊಂಡರು.

ಮಹಾದೇವರು ಗಡಿಯಾರ ನೋಡಿದರು. ಆರೂ ಇಪ್ಪತ್ತು. "ಕೆಳಗ ಕರಕೊಂಡ ಹೋಗ್ರಿ. ಒಂದ ಕುರ್ಚಿ ಕೊಡ್ರಿ, ಚಹಾ ತರಸ್ರಿ. ಊಟಕ್ಕ ಎಲ್ಲಾರ ಕೂಡ ಕುಂದರ್ಲಿ. ನನಗೂ ಕೆಟ್ಟ ಅನಸ್ತೈತಿ. ಆದ್ರ ಒಳಗ ಯಾರ ಕುಂತಾರ ನಿಮಗ ಗೊತ್ತೈತಿ. ಹ್ವಾದ ವರ್ಷದ ಪತ್ರಾ ನಾನ ಓದೇನಿ. ಇನ್ನೊಂದು ಓದಸಬ್ಯಾಡ್ರಿ."

ನಿಜಗುಣಪ್ಪ ಏಳಲಿಲ್ಲ. ಪದವನ್ನು ಯಾರೂ ಇಡಿಯಾಗಿ ಹೇಳುವುದಿಲ್ಲ. ಅದನ್ನು ಎರಡು ತುಂಡು ಮಾಡುತ್ತಾರೆ. ಒಬ್ಬ ಮೊದಲ ತುಂಡು ಹೇಳಿದರೆ ಇನ್ನೊಬ್ಬ ಎರಡನೆಯದನ್ನು ಹೇಳಬೇಕು. ಪರೀಕ್ಷೆಗೆ ಬಂದವನೇ ಮೊದಲು ಹೇಳುವುದು ರೂಢಿ.

"ಅರ್ಧಾ ನಾ ಶುರು ಮಾಡತೇನಿ," ಎಂದರು.

"ಅದು ಹೆಂಗ? ಅವರು ಶುರು ಮಾಡಬೇಕು. ನೀವು ಮೊದಲ ಹೇಳಿದ್ರ, ನಾಳೆ ಇವರು ಅಲ್ಲ ಅಂತಾದ್ರ, ಹೊರಗಿನವಗ ಅರ್ಧಾ ಪದ ಕೊಟ್ಟಂಗ ಆಗೂದಿಲ್ಲೇನು? ಅದು ನಿಮ್ಮ ಪ್ರತಿಜ್ಞಾ ಮುರದಂಗ."

"ಮೂರ ಸಲ ಶುರು ಮಾಡತೇನಿ. ಎರಡು ಸುಳ್ಳು. ಒಂದ ಖರೇ. ಯಾವದು ಖರೇ ಅಂತ ತಿಳದವಗ ಅಷ್ಟ ತಿಳೀತೈತಿ. ತಿಳೀದವಗ ಮೂರೂ ಒಂದ."

ಮಹಾದೇವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಪುಸ್ತಕದಾಗ ಇದು ಇಲ್ಲ."

"ಇಲ್ಲ. ಹಂಗಂತನ ಬರ್ಕೋರಿ. ನಾ ಮಾಡಿದ್ದು ಅಂತ ಬರ್ಕೋರಿ."

ಆರೂ ಇಪ್ಪತ್ತಮೂರು. ನಿಜಗುಣಪ್ಪ ಕತ್ತಿಯನ್ನು ಗೋಡೆಗೆ ಆನಿಸಿ, ಕುರ್ಚಿಯನ್ನು ಮುದಕಪ್ಪನವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು. ಮೊದಲು ಮಗ್ಗಿ ಹೇಳಿಸಿದರು, ಬಾಯಿ ಹದಕ್ಕೆ ಬರಲಿ ಎಂದು. ಹದಿನೇಳಾರ್ಲೆ? ನೂರಾ ಎರಡು. ಹದಿನೇಳೇಳ್ಲೆ? ನೂರಾ ಹತ್ತೊಂಬತ್ತು. ಅದೇ ಲಯದಲ್ಲಿ, ದನಿ ಬದಲಿಸದೆ, ಒಂದು ಸುಳ್ಳು ತುಂಡನ್ನು ಹೇಳಿದರು.

ಮುದಕಪ್ಪ ಸುಮ್ಮನಿದ್ದರು.

ಕಾಟಾ ಖಾಲಿ ಇದ್ದಾಗ ಸೊನ್ನೆ ತೋರಿಸಿತ್ತು. ಆದರೆ ಸುಮ್ಮನಿರುವುದು ಲಕ್ವಕ್ಕೂ ಬರುತ್ತದೆ. ನಿಜಗುಣಪ್ಪ ಎರಡನೆಯ ಸುಳ್ಳು ತುಂಡನ್ನು ಹೇಳಿದರು. ಇದು ನಿಜವಾದದ್ದಕ್ಕೆ ಹತ್ತಿರವಿತ್ತು. ಮುದಕಪ್ಪನವರ ತುಟಿ ಅಲುಗಿತು. ಮಹಾದೇವರು ಮುಂದಕ್ಕೆ ಬಾಗಿದರು. ತುಟಿ ಮತ್ತೆ ಮುಚ್ಚಿತು. ಮುದುಕರು ನಿಜಗುಣಪ್ಪನವರ ಮುಖವನ್ನೇ ನೋಡಿದರು, ಹುಬ್ಬು ಗಂಟಿಕ್ಕಿ, ತಪ್ಪು ಉತ್ತರ ಹೇಳಿದ ಹುಡುಗನನ್ನು ನೋಡುವ ಹಾಗೆ. "ಆತು" ಎಂದೂ ಹೇಳಲಿಲ್ಲ. ಮೂರು ವರ್ಷದಲ್ಲಿ ಯಾರು ಏನು ಕೇಳಿದರೂ ಬಂದಿದ್ದ ಆ ಮಾತು ಈ ಎರಡು ಸಲ ಬರಲಿಲ್ಲ.

ಬಾಗಿಲ ಆಚೆ ಯಾರೋ ಕೆಮ್ಮಿದರು. ನಿಜಗುಣಪ್ಪ ಮೂರನೆಯ ತುಂಡನ್ನು ಹೇಳಿದರು.

ಉತ್ತರ ಕೂಡಲೇ ಬಂತು. ಒತ್ತಿಲ್ಲದ, ಸಾದಾ ದನಿ. ಮೆಟ್ಟಿಲ ಮೇಲೆ ಮೂವತ್ನಾಕು ಎಂದ ಹಾಗೆಯೇ. ಮಹಾದೇವರು ಅದನ್ನು ಕೇಳಿದರು. ಇನ್ನೊಮ್ಮೆ ಎಂದು ಬೆರಳೆತ್ತಿದರು. ಈ ಸಲ ತಾವೇ ಶುರುಮಾಡಿದರು: ಒಂದು ಸುಳ್ಳು, ಮತ್ತೊಂದು ಸುಳ್ಳು, ಆಮೇಲೆ ಮೇಸನ್ನರ ಎರಡನೆಯ ದರ್ಜೆಗೆ ಇರುವ ಬೇರೆ ಪದದ ನಿಜ ತುಂಡು. ಮುದಕಪ್ಪ ಎರಡು ಸಲ ಸುಮ್ಮನಿದ್ದು, ಮೂರನೆಯದನ್ನು ಪೂರ್ತಿಮಾಡಿದರು.

ಮಹಾದೇವರು ಎದ್ದರು. ಆರೂ ಇಪ್ಪತ್ತೆಂಟು. "ಚೀಲ ಕೊಡ್ರಿ," ಎಂದು ಕೈಚಾಚಿದರು. ಮೇಸನ್ನರು ಸಭೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಏಪ್ರನ್ ಒಳಗಿತ್ತು, ಮಡಿಕೆಗಳಲ್ಲಿ ಹಳದಿಯಾಗಿತ್ತು. ಕಾಳಿನ ವ್ಯಾಪಾರಿ ಮಹಾದೇವರು ಬಗ್ಗಿ ಅದನ್ನು ಮಾಸ್ತರ್ರ ಸೊಂಟಕ್ಕೆ ಕಟ್ಟಿದರು, ಗಂಟು ಎರಡು ಸಲ ಬಿಚ್ಚಿ ಕಟ್ಟಿದರು. ಆಮೇಲೆ ತೋಳು ಕೊಟ್ಟು ಸಾಗವಾನಿ ಬಾಗಿಲಿನತ್ತ ನಡೆಸಿದರು. ನಿಜಗುಣಪ್ಪ ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು, ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು.

ಒಳಗೆ ಮಾಸ್ತರ್ರು ಎಲ್ಲಿ ಕುಳಿತರು ಎಂದು ನಿಜಗುಣಪ್ಪ ನೋಡಲಿಲ್ಲ. ಬಾಗಿಲು ಕಾಯುವವರು ಹೊರಗೇ ಇರಬೇಕು. ಎರಡು ನಿಮಿಷದ ಮೇಲೆ ಅವರು ಬಸವಲಿಂಗನ ಕೈ ಹಿಡಿದು ಪಡಸಾಲೆಗೆ ತಂದರು. ಪದ್ಧತಿಯಂತೆ ಅವನ ಕಣ್ಣಿಗೆ ಬಟ್ಟೆ ಕಟ್ಟಿತ್ತು.

"ಕಾಕಾ," ಎಂದ ಬಸವಲಿಂಗ ಮೆಲ್ಲಗೆ, "ಅಪ್ಪಾರ್ನ ಒಳಗ ಬಿಟ್ರೇನ್ರಿ?"

ಆ ಹೊತ್ತಿನಲ್ಲಿ ಹ್ಞೂಂ ಎನ್ನುವುದಕ್ಕೂ ಉಹೂಂ ಎನ್ನುವುದಕ್ಕೂ ನಿಜಗುಣಪ್ಪನವರಿಗೆ ಅಧಿಕಾರವಿರಲಿಲ್ಲ.

"ಹೊಸ್ತಲಾ ಎತ್ತರ ಐತಿ, ಕಾಲ ಎತ್ತಿ ಇಡು," ಎಂದರು. ಬಾಗಿಲನ್ನು ಮೂರು ಸಲ ತಟ್ಟಿದರು. ಬಸವಲಿಂಗನ ಕೈ ಬೆವತಿತ್ತು. ಅವರದೂ ಬೆವತಿತ್ತು, ಗವಸಿನ ನೀಲಿ ಗೀಟು ಹರಡಿಕೊಂಡಿತ್ತು.

ರಾತ್ರಿಯ ಊಟಕ್ಕೆ ಬಾಗಿಲು ತೆರೆದಾಗ ಮುದಕಪ್ಪ ಮಗನ ತೋಳು ಹಿಡಿದು ಹೊರಗೆ ಬಂದರು. ಕೆಳಗಿನಿಂದ ಹತ್ತಿಬಂದ ಶೈಲಜಾ ಅವರ ಏಪ್ರನ್ ನೋಡಿ, ನಿಜಗುಣಪ್ಪನವರ ಕಡೆ ತಿರುಗಿ, "ಅಂತೂ ಗುರುತ ಸಿಕ್ತೇನ್ರಿ?" ಎಂದಳು. ಮುದಕಪ್ಪ ನಿಜಗುಣಪ್ಪನವರ ಎದುರು ನಿಂತು, ಎಡಗೈಯಿಂದ ಅವರ ಕಿವಿಯನ್ನು ಹಿಡಿದು ತುಸು ಜೋರಾಗಿಯೇ ತಿರುವಿದರು. ಎರಡು ಸಲ. ಎರಡು ಸುಳ್ಳಿಗೆ ಎರಡು ಸಲ ಎಂದು ಮಹಾದೇವರು ಆಮೇಲೆ ಅರ್ಥ ಹೇಳಿದರು.

ಆದರೆ ಮಹಾದೇವರು ನಡಾವಳಿ ಪುಸ್ತಕದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದರು: ಸಹಿ ಹೊಂದಲಿಲ್ಲ, ಸನ್ನೆ ಆಗಲಿಲ್ಲ, ಪದವನ್ನು ಪರೀಕ್ಷಕರೇ ಮೊದಲು ಶುರುಮಾಡಿದರು, ಎರಡು ಸಲ ಸುಳ್ಳು ತುಂಡು ಬಳಸಿದರು. ಕೆಳಗೆ ನಿಜಗುಣಪ್ಪನವರ ಹೆಸರು, ಅದರ ಕೆಳಗೆ ತಮ್ಮದು. ಹಿರಿಯ ಅಧಿಕಾರಿ ಅದನ್ನು ಎರಡು ಸಲ ಓದಿ, ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ.

ಪತ್ರ ಹತ್ತು ದಿನದಲ್ಲಿ ಬಂತು. ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಬ್ಬಳ್ಳಿಯಲ್ಲಿ ಆ ಪರೀಕ್ಷೆಯ ಬಗ್ಗೆ ವಿಚಾರಣೆ. ನಿಜಗುಣಪ್ಪನವರೂ ಮಹಾದೇವರೂ ಏಳೂವರೆಯ ಬಸ್ಸಿಗೆ ಹೋಗುತ್ತಾರೆ. ಧಾರವಾಡದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯವರೆಗೆ ಬಾಗಿಲಿಗೆ ಬೇರೆಯವರು ನಿಲ್ಲುತ್ತಾರೆ. ಕತ್ತಿ ಮಹಾದೇವರ ಅಂಗಡಿಯ ಕಪಾಟಿನಲ್ಲಿದೆ.